ಗುಂಡಿನ ವೇಗ ಮತ್ತು ರಾಬಿನ್ಸನ ಲೋಲಕ

ಕೋವಿಯ ಬಾಯಿಯಿಂದ ಹೊರಟ ಗುಂಡಿನ ವೇಗವೆಷ್ಟು? ಬಂದೂಕುಗಳು ಬಳಕೆಗೆ ಬಂದು ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಕಳೆದಿದ್ದರೂ ಹದಿನೆಂಟನೆಯ ಶತಮಾನದ ನಡುಭಾಗದವರೆಗೆ ಈ ಪ್ರಶ್ನೆಗೆ ನಂಬಲರ್ಹವಾದ ಉತ್ತರವಿರಲಿಲ್ಲ. ಗುಂಡಿನ ಓಟವನ್ನು ಕಣ್ಣು ಹಿಂಬಾಲಿಸಲಾರದು. ಅಂದಿನ ಉತ್ತಮ ಗಡಿಯಾರಗಳು ಸೆಕೆಂಡನ್ನು ಎಣಿಸುತ್ತಿದ್ದುವೇ ಹೊರತು, ಗುಂಡು ನೂರಡಿಯ ದೂರವನ್ನು ದಾಟುವ ಅಲ್ಪಕಾಲವನ್ನು ಹಿಡಿದು ತೋರಿಸುವ ಶಕ್ತಿ ಅವಕ್ಕಿರಲಿಲ್ಲ. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞನು ಲಂಡನ್ನಿನಲ್ಲಿ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ’ ಎಂಬ ಚಿಕ್ಕ ಗ್ರಂಥವನ್ನು ಪ್ರಕಟಿಸಿದನು. ಗುಂಡು ಹಾರುವ ಕಾಲವನ್ನು ಅಳೆಯುವ ಗೋಜಿಗೇ ಹೋಗದೆ ಅದರ ವೇಗವನ್ನು ಕಂಡುಹಿಡಿಯುವ ಉಪಾಯವು ಅದರಲ್ಲಿತ್ತು. ಗುಂಡಿನಿಂದ ಒಂದು ಭಾರವನ್ನು ಎತ್ತಿಸುವುದು, ಅದು ಎಷ್ಟು ಎತ್ತರಕ್ಕೆ ಏರಿತೆಂಬುದನ್ನು ಒಂದು ಪಟ್ಟಿಯಿಂದ ಅಳೆಯುವುದು, ಆ ಎತ್ತರದಿಂದ ವೇಗವನ್ನು ಗಣಿಸುವುದು: ಉಪಾಯದ ಸಾರ ಇಷ್ಟೇ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಉಪಕರಣವು ಪಠ್ಯಪುಸ್ತಕದ ಅರ್ಧ ಪುಟದ ಲೆಕ್ಕವಾಗಿ ಪರಿಚಿತವಾಗಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿಲ್ಲ. ಇದು ಇಬ್ಬರಿಗೂ ನಷ್ಟವೆಂದು ನನ್ನ ಭಾವನೆ. ಆ ಲೆಕ್ಕದಲ್ಲಿ ವಿದ್ಯಾರ್ಥಿಯು ಎಡವುವ ಸ್ಥಳವೊಂದಿದೆ. ಐವತ್ತು ವರ್ಷಗಳಿಗೂ ಮಿಕ್ಕು ಯುರೋಪಿನ ಪಂಡಿತರು ಎರಡು ಪಂಗಡಗಳಾಗಿ ವಾದಿಸಿದುದು ಅದೇ ಸ್ಥಳದಲ್ಲಿಯೇ. ಆ ವಾದವನ್ನು ಅರಿಯದೆ ಲೆಕ್ಕವನ್ನು ಮಾಡಬಹುದು, ನಿಜ. ಆದರೆ ಎರಡು ಬೇರೆ ಬೇರೆ ನಿಯಮಗಳನ್ನು ಒಂದೇ ಲೆಕ್ಕದಲ್ಲಿ ಏಕೆ ಬಳಸಬೇಕಾಯಿತೆಂಬುದು ಆಗ ಮನಸ್ಸಿಗೆ ಹಿಡಿಯುವುದಿಲ್ಲ.

ಮೊದಲು ಕೆಲಸ, ಶಕ್ತಿಗಳ ತತ್ತ್ವವನ್ನು ನೋಡೋಣ. ಬೀಳುವ ವಸ್ತುವಿನ ವೇಗದ ವರ್ಗವು ಅದು ಬಿದ್ದ ಎತ್ತರಕ್ಕೆ ಅನುಪಾತವಾಗಿರುವುದೆಂಬುದು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಸ್ಥಾಪಿಸಿದ ನಿಯಮದ ಫಲ. ಹದಿನಾರು ಅಡಿ ಆಳದ ಬಾವಿಗೆ ಬಿಟ್ಟ ಕಲ್ಲು ತಳವನ್ನು ಮುಟ್ಟುವಾಗ ಸೆಕೆಂಡಿಗೆ 32 ಅಡಿಯ ವೇಗದಲ್ಲಿರುತ್ತದೆ. ವೇಗವು ಇದಕ್ಕೆ ಇಮ್ಮಡಿಯಾಗಬೇಕಾದರೆ ಬಾವಿಯ ಆಳವು ಇಮ್ಮಡಿಯಾದರೆ ಸಾಲದು, ನಾಲ್ಮಡಿಯಾಗಿ 64 ಅಡಿಯಾಗಬೇಕು. ಇದನ್ನು ತಿರುಗಿಸಿಯೂ ಹೇಳಬಹುದು: ಸೆಕೆಂಡಿಗೆ 64 ಅಡಿಯ ವೇಗದಿಂದ ಮೇಲಕ್ಕೆಸೆದ ಕಲ್ಲು, ಗಾಳಿಯ ತಡೆಯನ್ನು ಬಿಟ್ಟು ಎಣಿಸಿದರೆ, 64 ಅಡಿ ಏರಿ ನಿಲ್ಲುತ್ತದೆ. ಆದುದರಿಂದ ಏರಿದ ಎತ್ತರವು ತಿಳಿದರೆ ಹೊರಟ ವೇಗವು ತಿಳಿದಂತೆಯೇ. ಎತ್ತರವನ್ನು 64ರಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ಸೆಕೆಂಡಿಗೆ ಇಷ್ಟಡಿಯೆಂಬ ಉತ್ತರವು ಸಿಕ್ಕುತ್ತದೆ. ಕಲ್ಲು ನೇರವಾಗಿ ಏರಲಿ, ನುಣುಪಾದ ಇಳಿಜಾರಿನಲ್ಲಿ ಏರಲಿ, ಹಗ್ಗಕ್ಕೆ ಕಟ್ಟಲ್ಪಟ್ಟು ತೂಗಾಡುತ್ತ ಏರಲಿ, ಲೆಕ್ಕವು ಬದಲಾಗುವುದಿಲ್ಲ. ದಾರಿಯನ್ನು ವಿಚಾರಿಸದೆ ಎತ್ತರವನ್ನು ಮಾತ್ರ ವಿಚಾರಿಸುವುದೇ ಈ ವಿಧಾನದ ದೊಡ್ಡ ಅನುಕೂಲ.

ಇದರಿಂದ 1686ರಲ್ಲಿ ಲೈಬ್ನಿಟ್ಸನು ತೆಗೆದ ತೀರ್ಮಾನವು ಪ್ರಸಿದ್ಧವಾಗಿದೆ. ಒಂದು ಪೌಂಡಿನ ವಸ್ತುವನ್ನು ನಾಲ್ಕು ಅಳತೆ ಎತ್ತುವುದಕ್ಕೂ ನಾಲ್ಕು ಪೌಂಡಿನ ವಸ್ತುವನ್ನು ಒಂದು ಅಳತೆ ಎತ್ತುವುದಕ್ಕೂ ಸಮನಾದ ಶ್ರಮ ಬೇಕು. ಅವು ಕೆಳಗೆ ಬಿದ್ದಾಗ ಗಳಿಸುವ ವೇಗಗಳಾದರೋ ಎರಡಕ್ಕೆ ಒಂದರಂತಿರುತ್ತವೆ. ತೂಕವನ್ನು ವೇಗದಿಂದ ಗುಣಿಸಿದರೆ ಮೊದಲನೆಯದಕ್ಕೆ ಎರಡು, ಎರಡನೆಯದಕ್ಕೆ ನಾಲ್ಕು ಬರುತ್ತದೆ; ವೇಗದ ವರ್ಗದಿಂದ ಗುಣಿಸಿದರೆ ಎರಡಕ್ಕೂ ನಾಲ್ಕೇ ಬರುತ್ತದೆ. ಚಲನೆಯ ನಿಜವಾದ ಅಳತೆಯು ಡೆಕಾರ್ಟನ ಅನುಯಾಯಿಗಳು ಹೇಳುವಂತೆ ತೂಕ ಮತ್ತು ವೇಗಗಳ ಗುಣಲಬ್ಧವಲ್ಲ, ತೂಕ ಮತ್ತು ವೇಗದ ವರ್ಗಗಳ ಗುಣಲಬ್ಧವೆಂದು ಲೈಬ್ನಿಟ್ಸನು ವಾದಿಸಿದನು. ಈ ಅಳತೆಗೆ ‘ವಿಸ್ ವೈವಾ’, ಅಂದರೆ ಜೀವಂತ ಬಲ, ಎಂಬ ಹೆಸರು ಬಂದಿತು. 1722ರಲ್ಲಿ ಲೈಡನ್ನಿನ ಪ್ರಾಧ್ಯಾಪಕ ಗ್ರಾವೆಸಾಂಡೆಯು ಸಮಾನ ಗಾತ್ರದ, ಭಿನ್ನ ತೂಕದ ಹಿತ್ತಾಳೆಯ ಗೋಲಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿದನು. ಮೂರು ಪಾಲು ತೂಕದ ಗೋಲವು ಒಂದು ಪಾಲು ಎತ್ತರದಿಂದಲೂ ಒಂದು ಪಾಲು ತೂಕದ ಗೋಲವು ಮೂರು ಪಾಲು ಎತ್ತರದಿಂದಲೂ ಬಿದ್ದರೆ ಮಣ್ಣಿನಲ್ಲಿ ಒಂದೇ ಸಮನಾದ ಕುಳಿಗಳುಂಟಾದುವು. ಫ್ರಾನ್ಸಿನ ವಿದುಷಿ ಎಮಿಲಿ ದು ಶಾಟ್ಲೆಯು 1740ರ ತನ್ನ ಭೌತಶಾಸ್ತ್ರ ಗ್ರಂಥದಲ್ಲಿ ಲೈಬ್ನಿಟ್ಸನ ಪಕ್ಷವನ್ನು ಹಿಡಿದಳು. ಇಂಗ್ಲೆಂಡಿನ ನ್ಯೂಟನ್ ಪಂಥದವರು ಒಪ್ಪಲಿಲ್ಲ. ಹಾಗೆ ಒಪ್ಪದಿದ್ದವರಲ್ಲಿ ನಮ್ಮ ರಾಬಿನ್ಸನೂ ಒಬ್ಬನು. 1728ರಲ್ಲಿ, ಇನ್ನೂ ಇಪ್ಪತ್ತೊಂದರ ತರುಣನಾಗಿದ್ದಾಗಲೇ, ವಿಸ್ ವೈವಾ ಪಕ್ಷದ ಬೆರ್ನೂಯಿಯ ಪ್ರಬಂಧವನ್ನು ಖಂಡಿಸಿ ಬರೆದಿದ್ದನು.

ಇಲ್ಲಿ ಶಬ್ದಗಳ ವಿಷಯವಾಗಿ ಒಂದು ಮಾತು. ಕನ್ನಡದ ಆಡುಮಾತಿನಲ್ಲಿ ‘ಶಕ್ತಿ’ ಎಂಬುದು ಒಂದೇ ಪದವಾದರೂ ನೂಕುವ ಬಲವನ್ನೂ, ದುಡಿಯುವ ಕಸುವನ್ನೂ, ಸಾಮರ್ಥ್ಯವನ್ನೂ ಒಳಗೊಳ್ಳುತ್ತದೆ. ಶಾಸ್ತ್ರದಲ್ಲಿ ಬಲವೇ ಬೇರೆ, ಶಕ್ತಿಯೇ ಬೇರೆ. ನಮ್ಮ ಭಾಷೆಯ ಕೊರತೆ ಇದೆಂದು ನಾಚಬೇಕಾದುದಿಲ್ಲ. ಲ್ಯಾಟಿನ್ನಿನ ‘ವಿಸ್’ ಪದವೂ ಇಷ್ಟೇ ಸಡಿಲವಾಗಿತ್ತು. ಒಂದೇ ಪದದಿಂದ ಎರಡು ವಸ್ತುಗಳನ್ನು ಕರೆದು ಯಾವುದು ನಿಜವೆಂದು ಕಾದಾಡಿದವರು ಯುರೋಪಿನ ಅತ್ಯಂತ ಕುಶಾಗ್ರಮತಿಗಳು. ‘ಎನರ್ಜಿ’ ಎಂಬ ಹೆಸರನ್ನು ಈ ಅರ್ಥದಲ್ಲಿ ಥಾಮಸ್ ಯಂಗನು 1807ರಲ್ಲಿ ಸೂಚಿಸಿದನು. ಬಲವನ್ನು ದೂರದಿಂದ ಗುಣಿಸಿದ ಮೊತ್ತಕ್ಕೆ ‘ಕೆಲಸ’ವೆಂಬ ಹೆಸರನ್ನು ನೆಲೆಗೊಳಿಸಿ, ವೇಗದ ವರ್ಗದ ಮುಂದೆ ಇಂದು ನಾವು ಬರೆಯುವ ಅರ್ಧವನ್ನು ಸೇರಿಸಿದವನು ಕೊರಿಯೊಲಿ; ಅದು 1829ರಲ್ಲಿ. ತೂಕ ಅಥವಾ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ ಇನ್ನೊಂದು ಅಳತೆಯನ್ನು ನಾವು ಸಂವೇಗವೆನ್ನುತ್ತೇವೆ. ಮುಂದಿನ ವಿವರಣೆಯಲ್ಲಿ ಈ ಇಂದಿನ ಪದಗಳನ್ನೇ ಬಳಸಿದ್ದೇನೆ.

ರಾಬಿನ್ಸನು ಗುಂಡಿನ ವೇಗವನ್ನು ಎರಡು ಕಡೆಯಿಂದ ಹುಡುಕಿದನು: ಗುಂಡನ್ನು ಹೊರಗೆ ನೂಕಿದ ಕೆಲಸದಿಂದ ಮತ್ತು ಗುಂಡು ಮುಂದೆ ಹೋಗಿ ಮಾಡಿದ ಕೆಲಸದಿಂದ. ಮೊದಲನೆಯದಕ್ಕೆ ಆತನಿಗೆ ಆಧಾರವಾದುದು ನ್ಯೂಟನ್ನನ ‘ಪ್ರಿನ್ಸಿಪಿಯಾ’ದ ಮೊದಲನೆಯ ಭಾಗದ 39ನೆಯ ಪ್ರಮೇಯ. ವಸ್ತುವು ಚಲಿಸಿದ ದೂರವನ್ನು ಅಡ್ಡಗೆರೆಯಾಗಿಯೂ ಪ್ರತಿಯೊಂದು ಸ್ಥಾನದಲ್ಲಿ ಅದರ ಮೇಲಿರುವ ಬಲವನ್ನು ನಿಲುಗೆರೆಯಾಗಿಯೂ ಬರೆದರೆ, ಉಂಟಾಗುವ ವಕ್ರರೇಖೆಯ ಕೆಳಗಿನ ಕ್ಷೇತ್ರಫಲವು ವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆಂದು ಅದು ಹೇಳುತ್ತದೆ. ಇಂದು ನಾವು ಕೆಲಸ-ಶಕ್ತಿ ಪ್ರಮೇಯವೆನ್ನುವುದು ಇದೇ. ಲೈಬ್ನಿಟ್ಸನ ವಿರೋಧಿಗಳ ಗುರುಗ್ರಂಥದಲ್ಲಿಯೇ ವೇಗದ ವರ್ಗವು ಹೀಗೆ ಹೆಸರಿಲ್ಲದೆ ಕುಳಿತಿತ್ತು!

ಮದ್ದು ಉರಿದಾಗ ಹುಟ್ಟುವ ಬಿಸಿ ಅನಿಲದ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ಸಾವಿರ ಪಟ್ಟು ಇರುವುದೆಂದು ರಾಬಿನ್ಸನು ಬೇರೆ ಪ್ರಯೋಗಗಳಿಂದ ಅಂದಾಜು ಮಾಡಿದ್ದನು. ಗುಂಡು ಕದಲುವ ಮೊದಲೇ ಮದ್ದೆಲ್ಲವೂ ಉರಿದುಹೋಗುವುದೆಂದೂ ಅನಿಲವು ಹಿಗ್ಗಿದಷ್ಟೂ ಒತ್ತಡವು ಅದೇ ಪ್ರಮಾಣದಲ್ಲಿ ಕುಗ್ಗುವುದೆಂದೂ ಆತನು ಭಾವಿಸಿದನು. ಇವೆರಡೂ ಒರಟಾದ ಕಲ್ಪನೆಗಳೇ. ಆದರೆ ಲೆಕ್ಕವು ಇವುಗಳಿಂದ ಕೈಗೆಟಕುವಂತಾಯಿತು. ನಳಿಗೆಯ ಉದ್ದ 45 ಅಂಗುಲ, ಮದ್ದು ತುಂಬಿದ ಭಾಗ 2⅝ ಅಂಗುಲ. ಹೊರಬೀಳುವ ಹೊತ್ತಿಗೆ ಅನಿಲವು ಸುಮಾರು ಹದಿನೇಳು ಪಟ್ಟು ಹಿಗ್ಗಿರುತ್ತದೆ. ಅಷ್ಟರಲ್ಲಿ ಅದು ಮಾಡಿದ ಕೆಲಸವನ್ನು ಕ್ಷೇತ್ರಫಲವಾಗಿ ಅಳೆದರೆ, ಮುಕ್ಕಾಲು ಅಂಗುಲ ವ್ಯಾಸದ ಸೀಸದ ಗುಂಡಿನ ವೇಗವು ಸೆಕೆಂಡಿಗೆ 1,700 ಅಡಿಯ ಸಮೀಪಕ್ಕೆ ಬರುತ್ತದೆ. ಈ ಲೆಕ್ಕದಿಂದ ಹೊರಡುವ ಇನ್ನೊಂದು ಫಲವು ಬಂದೂಕು ಮಾಡುವವರಿಗೂ ಉಪಯುಕ್ತವಾಗಿತ್ತು: ನಳಿಗೆಯನ್ನು ಇಮ್ಮಡಿ ಉದ್ದ ಮಾಡಿದರೂ ವೇಗವು ಹೆಚ್ಚುವುದು ನೂರಕ್ಕೆ ಹನ್ನೊಂದು ಹನ್ನೆರಡರಷ್ಟು ಮಾತ್ರ. ಬಾಯಿಯ ಹತ್ತಿರ ಒತ್ತಡವು ಕುಗ್ಗಿಹೋಗಿರುವುದರಿಂದ ಅಲ್ಲಿ ಕೂಡಿಸಿದ ಉದ್ದವು ಹೆಚ್ಚು ಕೆಲಸವನ್ನು ಕೊಡುವುದಿಲ್ಲ.

ಆದರೆ ಇದು ಕಾಗದದ ಮೇಲಿನ ವೇಗ. ಇದು ನಿಜವೋ ಅಲ್ಲವೋ ಎಂಬುದನ್ನು ಪರೀಕ್ಷಿಸಲು ಲೋಲಕವು ಬೇಕಾಯಿತು. ಮೂರು ಕಾಲಿನ ಒಂದು ಚೌಕಟ್ಟು. ಅದರ ನೆತ್ತಿಯಲ್ಲಿ ಅಡ್ಡ ಅಚ್ಚು. ಅಚ್ಚಿನಿಂದ ತೂಗುಬಿಟ್ಟ ಕಬ್ಬಿಣದ ಲೋಲಕ. ಅದರ ಕೆಳಭಾಗಕ್ಕೆ ಬಿಗಿದ ದಪ್ಪ ಮರದ ಹಲಗೆ. ಲೋಲಕದ ತುದಿಗೆ ಒಂದು ಪಟ್ಟಿಯನ್ನು ಕಟ್ಟಿ, ಅದು ಚೌಕಟ್ಟಿನ ಒಂದು ಸೀಳಿನ ಮೂಲಕ ಜಾರುವಂತೆ ಮಾಡಲಾಗಿತ್ತು. ಗುಂಡು ಹಲಗೆಗೆ ಬಡಿದು ಒಳಗೆ ಹುದುಗಿ ನಿಂತಾಗ ಲೋಲಕವು ಹಿಂದಕ್ಕೆ ತೂಗುತ್ತದೆ. ತೂಗಿದಷ್ಟು ಪಟ್ಟಿಯು ಎಳೆಯಲ್ಪಡುತ್ತದೆ. ಎಳೆಯಲ್ಪಟ್ಟ ಉದ್ದವನ್ನು ಬಿಡುವಾಗಿ, ಬೇಕಾದರೆ ಎರಡು ಸಲ ಅಳೆದು ನೋಡಬಹುದು. ಕಣ್ಣಿಗೆ ಕಾಣದ ವೇಗವು ಕೈಯಿಂದ ಅಳೆಯಬಹುದಾದ ಅಂಗುಲಗಳಾಯಿತು.

ಆತನೇ ಕೊಟ್ಟಿರುವ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಲೋಲಕದ ತೂಕ 56 ಪೌಂಡು 3 ಔನ್ಸು. ಗುಂಡಿನ ತೂಕ ಪೌಂಡಿನ ಹನ್ನೆರಡನೆಯ ಒಂದು ಭಾಗ. ಗುಂಡು ಬಡಿದ ಸ್ಥಾನ ಅಚ್ಚಿನಿಂದ 66 ಅಂಗುಲ ಕೆಳಗೆ. ಪಟ್ಟಿಯು ಎಳೆಯಲ್ಪಟ್ಟ ಉದ್ದ 17¼ ಅಂಗುಲ. ಲೋಲಕದ ತೂಕವೆಲ್ಲವೂ ಗುಂಡು ಬಡಿದ ಸ್ಥಾನದಲ್ಲಿಯೇ ಇರದೆ ಅಚ್ಚಿನವರೆಗೆ ಹರಡಿರುವುದರಿಂದ, ಆ ಸ್ಥಾನದಲ್ಲಿ ಅದು 56 ಪೌಂಡಿನಂತಲ್ಲದೆ ಸುಮಾರು 42 ಪೌಂಡಿನ ಭಾರದಂತೆ ಗುಂಡನ್ನು ಎದುರಿಸುತ್ತದೆ. ಗುಂಡು ಮತ್ತು ಈ ಭಾರ ಸೇರಿ ಗುಂಡಿನ 505 ಪಟ್ಟು ಆಗುತ್ತದೆ. ಇನ್ನು ಎತ್ತರ: ಪಟ್ಟಿಯ 17¼ ಅಂಗುಲದ ಎಳೆತದಿಂದ ಗುಂಡು ಬಡಿದ ಸ್ಥಾನವು ಸುಮಾರು ಎರಡು ಅಂಗುಲ ಮೇಲಕ್ಕೇರಿತೆಂದು ವೃತ್ತದ ಜ್ಯಾಮಿತಿಯಿಂದ ತಿಳಿಯುತ್ತದೆ. ಎರಡು ಅಂಗುಲ ಏರಲು ಬೇಕಾದ ವೇಗವು ಬಾವಿಯ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 3¼ ಅಡಿ. ಇಲ್ಲಿಯವರೆಗೆ ಶಕ್ತಿಯ ತತ್ತ್ವವು ನಮ್ಮನ್ನು ಕೈಹಿಡಿದು ನಡೆಸಿತು.

ಎಡವುವ ಸ್ಥಳವು ಇದೇ. ಬಹುಮಂದಿ ವಿದ್ಯಾರ್ಥಿಗಳು ಮುಂದಿನ ಹೆಜ್ಜೆಯನ್ನೂ ಅದೇ ತತ್ತ್ವದಿಂದ ಇಡುತ್ತಾರೆ. ಗುಂಡಿನ ಚಲನಶಕ್ತಿಯೆಲ್ಲವೂ ಲೋಲಕದ ಚಲನಶಕ್ತಿಯಾಯಿತೆಂದು ಭಾವಿಸಿದರೆ, ಗುಂಡಿನ ವೇಗವು 3¼ ಅಡಿಯ √505 ಪಟ್ಟು, ಅಂದರೆ ಸುಮಾರು ಇಪ್ಪತ್ತೆರಡೂವರೆ ಪಟ್ಟು ಆಗುತ್ತದೆ. ಗುಣಿಸಿದರೆ ಸೆಕೆಂಡಿಗೆ 73 ಅಡಿ. ಗಂಟೆಗೆ 50 ಮೈಲಿ. ಹೆದ್ದಾರಿಯ ಬಸ್ಸಿನ ವೇಗವಿದು! ವೇಗದ ಬೌಲರನ ಚೆಂಡೂ ಇದಕ್ಕಿಂತ ಬೇಗನೆ ಬರುತ್ತದೆ. ಉತ್ತರವು ಇಷ್ಟು ಹಾಸ್ಯಾಸ್ಪದವಾಗಿದ್ದರೂ, ಸೂತ್ರವನ್ನು ನಂಬಿ ಸಂಖ್ಯೆಯನ್ನು ನೋಡದ ವಿದ್ಯಾರ್ಥಿಯು ಅದಕ್ಕೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ರಾಬಿನ್ಸನಾದರೋ ಈ ಹೆಜ್ಜೆಯನ್ನು ಸಂವೇಗದಿಂದ ಇಟ್ಟನು. ಬಡಿತಕ್ಕೆ ಮೊದಲು ಗುಂಡಿನಲ್ಲಿದ್ದ ಸಂವೇಗವೇ ಬಡಿತದ ಅನಂತರ 505 ಪಟ್ಟು ಭಾರದಲ್ಲಿದೆ. ಆದುದರಿಂದ ಗುಂಡಿನ ವೇಗವು 3¼ ಅಡಿಯ 505 ಪಟ್ಟು, ಎಂದರೆ ಸೆಕೆಂಡಿಗೆ 1,641 ಅಡಿ. ಕಾಗದದ ಮೇಲಿನ ವೇಗಕ್ಕೆ ಇದು ಎಷ್ಟು ಸಮೀಪವಾಗಿದೆಯೆಂಬುದನ್ನು ವಾಚಕರು ಗಮನಿಸಬೇಕು.

ಬಡಿತದಲ್ಲಿ ಸಂವೇಗವು ಉಳಿದು ಚಲನಶಕ್ತಿಯು ಏಕೆ ಉಳಿಯಲಿಲ್ಲ? ಗುಂಡು ಮರವನ್ನು ಎಷ್ಟು ಬಲದಿಂದ ನೂಕುತ್ತದೆಯೋ ಮರವು ಗುಂಡನ್ನು ಅಷ್ಟೇ ಬಲದಿಂದ ತಡೆಯುತ್ತದೆ. ಎರಡೂ ಬಲಗಳು ಒಂದೇ ಕ್ಷಣದಲ್ಲಿ ಹುಟ್ಟಿ ಒಂದೇ ಕ್ಷಣದಲ್ಲಿ ಅಡಗುತ್ತವೆ. ಸಂವೇಗದ ಬದಲಾವಣೆಯು ಬಲ ಮತ್ತು ಕಾಲಗಳ ಗುಣಲಬ್ಧ. ಬಲಗಳು ಸಮ, ಕಾಲಗಳು ಸಮ. ಆದುದರಿಂದ ಗುಂಡು ಕಳೆದುಕೊಂಡಷ್ಟನ್ನೇ ಲೋಲಕವು ಪಡೆಯುತ್ತದೆ. ಚಲನಶಕ್ತಿಯ ಬದಲಾವಣೆಯಾದರೋ ಬಲ ಮತ್ತು ದೂರಗಳ ಗುಣಲಬ್ಧ. ಆ ಅಲ್ಪಕಾಲದಲ್ಲಿ ಗುಂಡು ಮರದೊಳಗೆ ಹಲವು ಅಂಗುಲ ಕೊರೆದುಕೊಂಡು ಹೋಗಿರುತ್ತದೆ. ಲೋಲಕವು ಕೂದಲೆಳೆಯಷ್ಟು ಕದಲಿರುತ್ತದೆ. ಬಲವು ಒಂದೇ ಆದರೂ ದೂರಗಳು ಸಮನಲ್ಲ. ಗುಂಡು ಕಳೆದುಕೊಂಡ ಶಕ್ತಿಗೂ ಲೋಲಕವು ಪಡೆದ ಶಕ್ತಿಗೂ ಇರುವ ವ್ಯತ್ಯಾಸವು ಗುಂಡು ಮರದಲ್ಲಿ ಕೊರೆದ ಆಳದಷ್ಟು ದೂರದ ಕೆಲಸವಾಗಿರುತ್ತದೆ. ಕಾಲದ ಮೂಲಕ ಅಳೆದರೆ ಡೆಕಾರ್ಟನ ಅಳತೆ, ದೂರದ ಮೂಲಕ ಅಳೆದರೆ ಲೈಬ್ನಿಟ್ಸನ ಅಳತೆ. ಎರಡು ಪಂಗಡಗಳೂ ಸರಿಯಾಗಿದ್ದುವು. ತಮ್ಮದೊಂದೇ ಸರಿಯೆಂದುದು ಮಾತ್ರ ತಪ್ಪು. ಲೈಬ್ನಿಟ್ಸನನ್ನು ವಿರೋಧಿಸುತ್ತಿದ್ದ ರಾಬಿನ್ಸನು ತನ್ನ ಲೋಲಕದ ಒಂದೊಂದು ತೂಗಿನಲ್ಲಿಯೂ ಇಬ್ಬರ ಅಳತೆಗಳನ್ನೂ ಒಂದರ ಹಿಂದೊಂದಾಗಿ ಬಳಸುತ್ತಿದ್ದನೆಂಬುದು ಇತಿಹಾಸದ ವಿನೋದಗಳಲ್ಲೊಂದು.

ಕಳೆದುಹೋದ ಶಕ್ತಿಯ ಪ್ರಮಾಣವನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. 1,641 ಅಡಿಯ ವೇಗದಲ್ಲಿ ಬಂದ ಗುಂಡಿನ ಚಲನಶಕ್ತಿ ಸುಮಾರು 3,500 ಅಡಿ-ಪೌಂಡು. ತೂಗಿ ಮೇಲೇರಿದ ಲೋಲಕದಲ್ಲಿ ಕಾಣುವುದು 42 ಪೌಂಡನ್ನು ಎರಡು ಅಂಗುಲ ಎತ್ತಿದ ಕೆಲಸ, ಅಂದರೆ ಏಳೇ ಅಡಿ-ಪೌಂಡು. ಐನೂರೈದರಲ್ಲಿ ಒಂದು ಪಾಲು ಉಳಿದು, ಮಿಕ್ಕ ಐನೂರನಾಲ್ಕು ಪಾಲು ಮರವನ್ನು ಸೀಳುವುದಕ್ಕೂ ಸೀಸವನ್ನು ಚಪ್ಪಟೆ ಮಾಡುವುದಕ್ಕೂ ಬಿಸಿಗೂ ವ್ಯಯವಾಯಿತು. ಈ ಬಿಸಿಯ ಲೆಕ್ಕವನ್ನು ರಾಬಿನ್ಸನು ಕೇಳಲಿಲ್ಲ; ಆತನ ಕಾಲದಲ್ಲಿ ಅದನ್ನು ಕೇಳುವ ರೀತಿಯೇ ಹುಟ್ಟಿರಲಿಲ್ಲ. ಇದೇ ಬಗೆಯ ಲೋಲಕವನ್ನು ಇಟ್ಟುಕೊಂಡು 1778ರಲ್ಲಿ ಮದ್ದಿನ ಪ್ರಯೋಗಗಳನ್ನು ಮಾಡಿದ ಬೆಂಜಮಿನ್ ಥಾಂಪ್ಸನ್ನನು, ಗುಂಡಿಲ್ಲದೆ ಬರಿಯ ಮದ್ದನ್ನು ಹಾರಿಸಿದಾಗ ಕೋವಿಯು ಹೆಚ್ಚು ಬಿಸಿಯಾಗುವುದನ್ನು ಕಂಡನು. ಮುಂದೆ ಕೌಂಟ್ ರಮ್‌ಫರ್ಡನೆಂದು ಪ್ರಸಿದ್ಧನಾಗಿ, ಫಿರಂಗಿಯ ನಳಿಗೆಯನ್ನು ಕೊರೆಯುವಾಗ ಮುಗಿಯದೆ ಬರುವ ಬಿಸಿಯ ವಿಷಯವಾಗಿ 1798ರಲ್ಲಿ ಪ್ರಬಂಧವನ್ನು ಓದಿದವನು ಈತನೇ. ಕೆಲಸವು ಎಷ್ಟಾದರೆ ಬಿಸಿಯು ಎಷ್ಟೆಂಬ ವಿನಿಮಯದ ದರವನ್ನು ಜೂಲನು 1840ರ ದಶಕದಲ್ಲಿ ನಿರ್ಧರಿಸಿದ ಮೇಲೆಯೇ ಆ ಐನೂರನಾಲ್ಕು ಪಾಲು ಜಮಾಖರ್ಚಿನಲ್ಲಿ ಸೇರಿತು.

ರಾಬಿನ್ಸನ ಪ್ರಯೋಗಗಳಲ್ಲಿ ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರುವುದು ಇನ್ನೊಂದು. ಆತನು ಲೋಲಕವನ್ನು ಕೋವಿಯಿಂದ 25 ಅಡಿ, 75 ಅಡಿ, 125 ಅಡಿ ದೂರಗಳಲ್ಲಿಟ್ಟು ಅದೇ ಪ್ರಮಾಣದ ಮದ್ದಿನಿಂದ ಹಾರಿಸಿ ನೋಡಿದನು. ದೊರೆತ ವೇಗಗಳು ಕ್ರಮವಾಗಿ 1,670, 1,550 ಮತ್ತು 1,425 ಅಡಿ. ಐವತ್ತು ಅಡಿಯ ಗಾಳಿಯನ್ನು ದಾಟುವಷ್ಟರಲ್ಲಿ ಗುಂಡು ನೂರಿಪ್ಪತ್ತು ಅಡಿಯ ವೇಗವನ್ನು ಕಳೆದುಕೊಂಡಿತು! ಇದಕ್ಕೆ ಕಾರಣವಾದ ತಡೆಯೆಷ್ಟು? ಇಲ್ಲಿ ಸಂಘಟ್ಟನೆಯಿಲ್ಲ, ಬಲ ಮತ್ತು ದೂರ ಮಾತ್ರ ಇವೆ. ಆದುದರಿಂದ ಶಕ್ತಿಯ ತತ್ತ್ವವೇ ಸಾಕು. 1,670ರ ವರ್ಗದಿಂದ 1,550ರ ವರ್ಗವನ್ನು ಕಳೆದರೆ 3,86,400. ಇದನ್ನು 64ರಿಂದ ಭಾಗಿಸಿದರೆ ಸುಮಾರು 6,040 ಅಡಿ. ಕಳೆದುಹೋದ ವೇಗವು ಗುಂಡನ್ನು ಅಷ್ಟು ಎತ್ತರಕ್ಕೆ ಏರಿಸಬಹುದಾಗಿತ್ತು. ಅಷ್ಟು ಕೆಲಸವು 50 ಅಡಿಯಲ್ಲಿಯೇ ಖರ್ಚಾಗಿರುವುದರಿಂದ ತಡೆಯ ಬಲವು ಗುಂಡಿನ ತೂಕದ 120 ಪಟ್ಟು. ಪೌಂಡಿನ ಹನ್ನೆರಡನೆಯ ಒಂದು ಭಾಗ ತೂಗುವ ಗುಂಡನ್ನು ಬರಿಯ ಗಾಳಿಯು ಹತ್ತು ಪೌಂಡಿನ ಬಲದಿಂದ ಹಿಂದಕ್ಕೆ ನೂಕುತ್ತಿತ್ತು.

ಇದರ ಪರಿಣಾಮವು ದೊಡ್ಡದಾಯಿತು. ಸೀಸದಂಥ ಭಾರವಾದ ವಸ್ತುವಿನ ಮೇಲೆ ಗಾಳಿಯ ತಡೆಯು ಗಣನೆಗೆ ಬಾರದೆಂದೂ ಗುಂಡಿನ ಹಾದಿಯು ಗೆಲಿಲಿಯೋ ಹೇಳಿದ ಪರವಲಯವೇ ಎಂದೂ ಫಿರಂಗಿಶಾಸ್ತ್ರದ ಪುಸ್ತಕಗಳು ಬೋಧಿಸುತ್ತಿದ್ದುವು. ಸೆಕೆಂಡಿಗೆ 1,700 ಅಡಿಯ ವೇಗದಿಂದ 45 ಅಂಶದ ಕೋನದಲ್ಲಿ ಹೊರಟ ಗುಂಡು ಆ ಲೆಕ್ಕದಂತೆ ಹದಿನೇಳು ಮೈಲಿ ಹೋಗಿ ಬೀಳಬೇಕು. ವಾಸ್ತವದಲ್ಲಿ ಅಂಥ ಗುಂಡು ಒಂದು ಮೈಲಿಯನ್ನೂ ಮುಟ್ಟುವುದಿಲ್ಲ. ವೇಗವು ತಿಳಿಯದಿದ್ದಷ್ಟು ಕಾಲ ಈ ವಿರೋಧವು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ; ಪುಸ್ತಕದ ಪರವಲಯಕ್ಕೆ ಹೊಂದುವ ಯಾವುದೋ ಒಂದು ಚಿಕ್ಕ ವೇಗವನ್ನು ಊಹಿಸಿಕೊಂಡರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಎರಡು ಅಂಗುಲ ಮೇಲಕ್ಕೇರಿದ ಒಂದು ಹಲಗೆಯು ಆ ಸೌಕರ್ಯವನ್ನು ಕಿತ್ತುಕೊಂಡಿತು.

ರಾಯಲ್ ಸೊಸೈಟಿಯು 1746ರ ಕಾಪ್ಲಿ ಪದಕವನ್ನು ರಾಬಿನ್ಸನಿಗೆ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1745ರಲ್ಲಿ, ಬರ್ಲಿನ್ನಿನಲ್ಲಿದ್ದ ಆಯ್ಲರನು ಆತನ ಗ್ರಂಥವನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ, ಮೂಲಕ್ಕಿಂತ ಹಲವು ಪಟ್ಟು ಹಿರಿದಾದ ಟಿಪ್ಪಣಿಗಳನ್ನು ಸೇರಿಸಿ ಪ್ರಕಟಿಸಿದ್ದನು. ವುಲಿಚ್‌ನ ಸೈನಿಕ ಶಾಲೆಯ ಚಾರ್ಲ್ಸ್ ಹಟ್ಟನನು 1775ರಿಂದ ಮುಂದಕ್ಕೆ ಇನ್ನೂ ಭಾರವಾದ ಲೋಲಕಗಳನ್ನು ಕಟ್ಟಿಸಿ ಫಿರಂಗಿಯ ಗುಂಡುಗಳ ವೇಗವನ್ನು ಅಳೆದನು. ರಾಬಿನ್ಸನು ಅದನ್ನು ನೋಡಲು ಉಳಿದಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಎಂಜಿನಿಯರನಾಗಿ ನೇಮಕಗೊಂಡು, ಕಂಪನಿಯ ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕಾಗಿ 1750ರಲ್ಲಿ ಕೋರಮಂಡಲದ ಕರಾವಳಿಗೆ ಬಂದಿಳಿದ ಆತನು, ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತನ್ನ ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು.